ನಿಕಾಹ್ ಮತ್ತು ಕೌಂಟಿ ಕಚೇರಿಯ ಕಾಗದ

ನಮ್ಮ ಕಿರಿಯ ಮಗಳ ನಿಕಾಹ್ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊ ನಗರದ ಪಶ್ಚಿಮ ದಿಕ್ಕಿನ ಒಂದು ಮಸೀದಿಯಲ್ಲಿ ನೆರವೇರಿತು. ಅಲ್‌ಹಮ್ದುಲಿಲ್ಲಾಹ್. ಅವಳು ಅಲ್ಲಿ ಓದುತ್ತಿದ್ದಳು, ವರ ಅಲ್ಲಿಯೇ ಉದ್ಯೋಗದಲ್ಲಿದ್ದರು. ಇಬ್ಬರೂ ದಕ್ಷಿಣ ಕನ್ನಡದವರೇ. ಊರಿನಲ್ಲಿಯೇ ಮದುವೆ ಮಾಡೋಣವೆಂದು ನಾವು ಆಸೆಪಟ್ಟಿದ್ದೆವು. ರಜೆ ಮತ್ತು ವೀಸಾಗಳ ತೊಡಕಿನಿಂದ ಅದು ಕೈಗೂಡಲಿಲ್ಲ. ಹಾಗಾಗಿ ನಾವಿಬ್ಬರು, ಗಂಡ ಹೆಂಡತಿ, ಮಗಳ ಮದುವೆಗಾಗಿ ಮೊದಲ ಬಾರಿಗೆ ಅಷ್ಟು ದೂರ ಪ್ರಯಾಣ ಬೆಳೆಸಿದೆವು.

ಮದುವೆಗೆ ಮೊದಲೇ ಸರಕಾರದ ಪರವಾನಗಿ ಬೇಕು ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾವು ನಕ್ಕಿದ್ದೆವು. ವಾಹನ ಓಡಿಸಲು ಲೈಸೆನ್ಸ್ ಉಂಟು, ಅಂಗಡಿ ಇಡಲು ಉಂಟು, ನಿಕಾಹಿಗೂ ಉಂಟೇ? ನಮ್ಮ ತಿಳುವಳಿಕೆಯಲ್ಲಿ ವಲಿಯ್, ಇಬ್ಬರು ಸಾಕ್ಷಿಗಳು, ಈಜಾಬ್, ಖಬೂಲ್ ಇವಿಷ್ಟಿದ್ದರೆ ನಿಕಾಹ್ ಪೂರ್ಣ. ಮಹರ್ ವಧುವಿನ ಹಕ್ಕು. ಇವುಗಳ ನಡುವೆ ಸರಕಾರಕ್ಕೆ ಏನು ಕೆಲಸ?

ಅಲ್ಲಿನ ಕ್ರಮವನ್ನು ಓದುಗರಿಗೆ ಸ್ವಲ್ಪ ವಿವರಿಸಬೇಕು. ಬಹುತೇಕ ರಾಜ್ಯಗಳು ಕೌಂಟಿಗಳಾಗಿ ವಿಭಾಗಿಸಲ್ಪಟ್ಟಿವೆ. ನಮ್ಮ ಜಿಲ್ಲೆಯಂತೆ ಎಂದುಕೊಳ್ಳಬಹುದು. ಇಲಿನಾಯ್‌ನಲ್ಲಿ ಅಂತಹ 102 ಕೌಂಟಿಗಳಿವೆ. ವಧೂವರರು ಇಬ್ಬರೂ ಗುರುತಿನ ದಾಖಲೆಯೊಂದಿಗೆ ಕೌಂಟಿ ಕ್ಲರ್ಕ್ ಕಚೇರಿಗೆ ಖುದ್ದಾಗಿ ಹೋಗಿ, ಶುಲ್ಕ ಕಟ್ಟಿ, ಹೇಳಿದ್ದೆಲ್ಲ ಸತ್ಯವೆಂದು ಪ್ರಮಾಣಮಾಡಿ ಪರವಾನಗಿ ಪಡೆಯಬೇಕು. ಅದು ಮರುದಿನದಿಂದ ಜಾರಿಗೆ ಬಂದು 60 ದಿನಗಳವರೆಗೆ ಊರ್ಜಿತವಾಗಿರುತ್ತದೆ. ನಿಕಾಹ್ ನೆರವೇರಿಸಿದ ಇಮಾಮರು ಅದರಲ್ಲಿ ದಿನಾಂಕ, ಸ್ಥಳ ತುಂಬಿ, ಸಹಿ ಮಾಡಿ, 10 ದಿನಗಳೊಳಗೆ ಅದೇ ಕಚೇರಿಗೆ ಹಿಂದಿರುಗಿಸಬೇಕು. ಆಮೇಲೆಯೇ ವಿವಾಹ ದಾಖಲಾಗುವುದು. ಪರವಾನಗಿ ಎಂಬುದು ಮದುವೆಯಾಗಲು ಅನುಮತಿ. ಮದುವೆ ಆಯಿತೆಂಬುದಕ್ಕೆ ಅದು ಪುರಾವೆಯಲ್ಲ. ಪುರಾವೆ ಬೇಕಾದರೆ ದಾಖಲಾದ ನಂತರ ಮುದ್ರೆಯೊತ್ತಿದ ದೃಢೀಕೃತ ಪ್ರತಿಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಈ ಎರಡನ್ನು ಒಂದೇ ಎಂದು ತಿಳಿದು, ಪರವಾನಗಿ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ನಿಶ್ಚಿಂತರಾಗುವವರು ಬಹಳ. ನಾವೂ ಆ ಸಾಲಿಗೆ ಸೇರಿದವರೇ.

ನಿಕಾಹ್ ಶನಿವಾರ. ಗುರುವಾರ ಇಶಾ ನಮಾಝಿನ ಬಳಿಕ ಇಮಾಮರನ್ನು ಕಾಣಲು ಹೋದೆವು. ಮೃದುಭಾಷಿಯಾದ ಹಿರಿಯರು. ವರ ಕೊಟ್ಟ ಕಾಗದವನ್ನು ಅವರು ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು. "ಇದು ಕುಕ್ ಕೌಂಟಿಯದು. ನಮ್ಮ ಮಸೀದಿ ಇರುವುದು ಡುಪೇಜ್ ಕೌಂಟಿಯಲ್ಲಿ. ಈ ಕಾಗದ ಇಲ್ಲಿ ನಡೆಯುವುದಿಲ್ಲ" ಎಂದರು.

ಆ ರಾಜ್ಯದಲ್ಲಿ ಪರವಾನಗಿಯು ಅದನ್ನು ಕೊಟ್ಟ ಕೌಂಟಿಯ ಗಡಿಯೊಳಗೆ ಮಾತ್ರ ಸಲ್ಲುತ್ತದೆ. ಶಿಕಾಗೊ ನಗರ ಕುಕ್ ಕೌಂಟಿಗೆ ಸೇರಿದ್ದು. ವರ ತಮ್ಮ ಕಚೇರಿಗೆ ಹತ್ತಿರವೆಂದು ಮಗಳನ್ನು ಅಲ್ಲಿಗೇ ಕರೆಸಿಕೊಂಡು, 60 ಡಾಲರ್ ಕಟ್ಟಿ ಪರವಾನಗಿ ಪಡೆದಿದ್ದರು. ಮಸೀದಿಗೆ ಹೋಗುವ ದಾರಿಯಲ್ಲಿ ಎಲ್ಲಿ ಒಂದು ಕೌಂಟಿ ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಅಲ್ಲಿ ನಮ್ಮ ಗಡಿಗಳಂತೆ ಚೆಕ್‌ಪೋಸ್ಟ್ ಇರುವುದಿಲ್ಲವಷ್ಟೆ.

ವರನ ಮಾಮ ಬೇರೆ ರಾಜ್ಯದಿಂದ ಬಂದಿದ್ದರು. ಅವರಿಗೆ ಇದು ದೊಡ್ಡ ವಿಷಯವೆಂದು ತೋರಲಿಲ್ಲ. "ಉಸ್ತಾದರೇ, ಶನಿವಾರ ನಿಕಾಹ್ ಮಾಡಿಬಿಡಿ. ಕಾಗದ ಮುಂದಿನ ವಾರ ನೋಡಿಕೊಳ್ಳೋಣ. ಅಲ್ಲಾಹನ ಬಳಿ ಮದುವೆ ಆದರೆ ಸಾಲದೇ?" ಎಂದರು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿಯೂ ಅದೇ ಇತ್ತು. ಊಟಕ್ಕೆ ಹೇಳಿಯಾಗಿತ್ತು, ಜನ ಹೊರಟಾಗಿತ್ತು.

ಇಮಾಮರು ಸಿಟ್ಟಾಗಲಿಲ್ಲ. ನಮ್ಮನ್ನು ಕುಳ್ಳಿರಿಸಿ ಒಂದು ಕಥೆ ಹೇಳಿದರು. ಅವರು ಹಿಂದೆ ಇದ್ದ ಊರಿನಲ್ಲಿ ಒಬ್ಬಳು ಹೆಣ್ಣುಮಗಳಿದ್ದಳು. ಶರೀಅತ್‌ನ ಎಲ್ಲ ಶರತ್ತುಗಳಿಗೂ ಅನುಗುಣವಾಗಿ ಆದ ನಿಕಾಹ್. ಪರವಾನಗಿ ಮಾತ್ರ ಪಡೆದಿರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ವರ್ಷಗಳು ಕಳೆದವು, ಎರಡು ಮಕ್ಕಳಾದವು. ಗಂಡ ಹಠಾತ್ತನೆ ತೀರಿಕೊಂಡರು. ಅವರ ಕೆಲಸದ ಸ್ಥಳದಿಂದ ಬರಬೇಕಾದ ಹಣಕ್ಕೆ, ಮನೆಗೆ, ಬ್ಯಾಂಕಿನ ಖಾತೆಗೆ, ಎಲ್ಲದಕ್ಕೂ ಕೇಳಿದ ಪ್ರಶ್ನೆ ಒಂದೇ: ನೀವು ಅವರ ಪತ್ನಿ ಎಂಬುದಕ್ಕೆ ದಾಖಲೆ ಎಲ್ಲಿ? ಬಹುಕಾಲ ಒಟ್ಟಿಗೆ ಬಾಳಿದ ಮಾತ್ರಕ್ಕೆ ದಂಪತಿಯೆಂದು ಒಪ್ಪುವ ಪದ್ಧತಿಯನ್ನು ಇಲಿನಾಯ್ 1905ರಲ್ಲಿಯೇ ಕೊನೆಗೊಳಿಸಿದೆ. ಅವಳ ಇದ್ದತ್‌ನ ದಿನಗಳು ವಕೀಲರ ಪ್ರಶ್ನೆಗಳಿಗೆ ಉತ್ತರ ಬರೆಯುವುದರಲ್ಲಿ ಕಳೆದವು.

"ಮಕ್ಕಳಿರುವ ವಿಧವೆಗೆ ಗಂಡನ ಸೊತ್ತಿನಲ್ಲಿ ಎಂಟನೆಯ ಒಂದು ಪಾಲನ್ನು ಅಲ್ಲಾಹನೇ ಗೊತ್ತುಪಡಿಸಿದ್ದಾನೆ. ಆ ಪಾಲು ಅವಳ ಕೈಗೆ ತಲುಪದಂತೆ ಮಾಡಿದ್ದು ನಮ್ಮ ಅಸಡ್ಡೆ. ಆ ನಿಕಾಹ್ ಮಾಡಿಸಿದವನು ನಾನೇ" ಎಂದು ಇಮಾಮರು ಮಾತು ನಿಲ್ಲಿಸಿದರು. ಮಾಮ ಮತ್ತೆ ಏನೂ ಹೇಳಲಿಲ್ಲ.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಸೂರಃ ಅಲ್ ಬಕರದ 282ನೆಯ ಸೂಕ್ತದ ಬಗ್ಗೆ ನಾವು ಎಷ್ಟೋ ಪ್ರವಚನ ಕೇಳಿದ್ದೇವೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವದು. ವಿಷಯ ನಮಾಝ್ ಅಲ್ಲ, ಉಪವಾಸವಲ್ಲ; ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಾದರೂ ಬರೆಯಲು ಬೇಸರಿಸಬಾರದು ಎಂಬುದು. ನಾಲ್ಕು ಕಾಸಿನ ಸಾಲಕ್ಕೆ ಇಷ್ಟು ಜಾಗರೂಕತೆಯನ್ನು ಕಲಿಸಿದ ಗ್ರಂಥವೇ ಸೂರಃ ಅನ್ನಿಸಾದಲ್ಲಿ ವಿವಾಹವನ್ನು ಬಲಿಷ್ಠ ಕರಾರು ಎಂದು ಕರೆದಿದೆ. ಆ ಕರಾರನ್ನು ಬರೆಯುವ ವಿಷಯದಲ್ಲಿ ನಾವು "ಮುಂದಿನ ವಾರ" ಎನ್ನಲು ಹೊರಟಿದ್ದೆವು.

ಶುಕ್ರವಾರ ಬೆಳಿಗ್ಗೆ ವೀಟನ್ ಎಂಬ ಊರಿನಲ್ಲಿರುವ ಡುಪೇಜ್ ಕೌಂಟಿಯ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಾವು ಅಲ್ಲಿದ್ದೆವು. ಅಂದು ತಪ್ಪಿದರೆ ಶನಿವಾರಕ್ಕೆ ಪರವಾನಗಿ ಜಾರಿಗೆ ಬರುತ್ತಿರಲಿಲ್ಲ. ಕಿಟಕಿಯ ಆಚೆ ಇದ್ದ ಮಹಿಳೆ ಇಬ್ಬರ ಪಾಸ್‌ಪೋರ್ಟ್‌ಗಳನ್ನು ನೋಡಿ, ಈ ಹಿಂದೆ ಮದುವೆಯಾಗಿತ್ತೇ ಎಂದು ಕೇಳಿ, ಬರೆದುಕೊಂಡದ್ದನ್ನು ಪರಿಶೀಲಿಸಲು ಕೊಟ್ಟರು. ಮಗಳು ನಿಧಾನವಾಗಿ ಓದಿದಳು. ವರನ ಹೆಸರಿನ ಮುಹಮ್ಮದ್ ಎಂಬುದು ಪಾಸ್‌ಪೋರ್ಟಿನಲ್ಲಿ ಪೂರ್ಣವಾಗಿತ್ತು. ಅವರು ಅಭ್ಯಾಸಬಲದಿಂದ ಅರ್ಜಿಯಲ್ಲಿ ಅದನ್ನು ನಾಲ್ಕಕ್ಷರಕ್ಕೆ ಮೊಟಕುಗೊಳಿಸಿದ್ದರು. ಅಲ್ಲಿಯೇ ತಿದ್ದಿಸಿದರು. ನಮ್ಮ ಸಮುದಾಯದಲ್ಲಿ ಈ ಒಂದು ಹೆಸರಿನ ಕಾಗುಣಿತದಿಂದ ಎಷ್ಟು ಕುಟುಂಬಗಳು ಅಲೆದಾಡಿವೆಯೋ! ಹತ್ತೇ ನಿಮಿಷದ ಕೆಲಸ. ಜುಮಾಕ್ಕೆ ಮಸೀದಿ ತಲುಪಿದೆವು.

ಒಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ಆ ರಾಜ್ಯದ ಕಾನೂನು ಮದುವೆಗೆ ಸಾಕ್ಷಿಗಳನ್ನು ಕೇಳುವುದೇ ಇಲ್ಲ. ಮಹರ್ ಬರೆಯಲು ಆ ಕಾಗದದಲ್ಲಿ ಸ್ಥಳವೂ ಇಲ್ಲ. ಆದುದರಿಂದ ಮಸೀದಿಯ ನಿಕಾಹ್‌ನಾಮೆಯೂ ಬೇಕು, ಕೌಂಟಿಯ ದಾಖಲೆಯೂ ಬೇಕು. ನಿಕಾಹ್‌ನಾಮೆಯಲ್ಲಿ ಮಹರ್‌ನ ಮೊತ್ತ, ವಲಿಯ್, ಇಬ್ಬರು ಸಾಕ್ಷಿಗಳ ಹೆಸರು ಬರೆಯಲಾಯಿತು. ಚಿನ್ನದ ಬಣ್ಣದ ಅಂಚಿನ ಸುಂದರ ಕಾಗದವದು. ಮಗಳ ವೀಸಾ ಬದಲಾವಣೆಗೆ ಅದನ್ನು ತೋರಿಸಿದಾಗ ವಕೀಲರು, "ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿ, ನನಗೆ ಕೌಂಟಿಯ ದೃಢೀಕೃತ ಪ್ರತಿ ಕೊಡಿ" ಎಂದರಂತೆ. ಇಮಾಮರು ಸೋಮವಾರವೇ ಕಾಗದವನ್ನು ಹಿಂದಿರುಗಿಸಿದ್ದರು. ಹಾಗಾಗಿ ಪ್ರತಿಗಳು ಬೇಗ ದೊರೆತವು. ಮೂರು ಪ್ರತಿ ತೆಗೆಸಿದೆವು: ವಕೀಲರಿಗೊಂದು, ಮನೆಯಲ್ಲಿಡಲು ಒಂದು, ಭಾರತದ ಕಚೇರಿಗಳಲ್ಲಿ ತೋರಿಸಲು ಮತ್ತೊಂದು. ಈ ಮೂರನೆಯದಕ್ಕೆ ಆ ರಾಜ್ಯದ ಕಾರ್ಯದರ್ಶಿಯ ಕಚೇರಿಯಿಂದ ಅಪಾಸ್ಟಿಲ್ ಎಂಬ ಮುದ್ರೆ ಹಾಕಿಸಬೇಕು. 2005ರಿಂದ ಭಾರತದಲ್ಲಿಯೂ ಅದಕ್ಕೆ ಮಾನ್ಯತೆಯಿದೆ.

ಊರಿಗೆ ಮರಳಿದ ಮೇಲೆ ಆ ಪ್ರತಿಯನ್ನು ಕಪಾಟಿನಲ್ಲಿಡುವಾಗ ನಮ್ಮಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳಿದೆವು: ನಮ್ಮದು ಎಲ್ಲಿದೆ?

ನಮ್ಮದು ಜಮಾಅತಿನ ಹಳೆಯ ನಿಕಾಹ್ ಪುಸ್ತಕದಲ್ಲಿದೆ, ಅಷ್ಟೆ. ಕರ್ನಾಟಕದಲ್ಲಿ ವಿವಾಹ ನೋಂದಣಿಯ ಕಾನೂನು 1976ರಷ್ಟು ಹಿಂದಿನದು. ಯಾವುದೇ ಧರ್ಮದವರ ಮದುವೆಯಾದರೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. 2023ರಲ್ಲಿ ರಾಜ್ಯ ಸರಕಾರ ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದಾಗ ನಮ್ಮಲ್ಲಿ ಅನೇಕರು ನೆಮ್ಮದಿಪಟ್ಟೆವು. 2024ರಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಇದೆಲ್ಲ ಪತ್ರಿಕೆಯಲ್ಲಿ ಓದಿ ಮಡಚಿಟ್ಟ ಸುದ್ದಿಯಾಗಿತ್ತೇ ಹೊರತು ನಮ್ಮ ಮನೆಯ ವಿಷಯವೆಂದು ತೋರಿರಲಿಲ್ಲ.

ಕಳೆದ ವಾರ ಮಸೀದಿಗೆ ಹೋಗಿ ಆ ಪುಸ್ತಕ ತೆಗೆಸಿ ನೋಡಿದೆವು. ಪುಟದ ಅಂಚು ಗೆದ್ದಲು ತಿಂದಿದೆ, ನಮ್ಮ ಸಾಲು ಉಳಿದಿದೆ. ನಿಕಾಹ್ ನೆರವೇರಿಸಿದ ಖತೀಬರು ಈಗಿಲ್ಲ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಇನ್ನೊಬ್ಬರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಮುಂದಿನ ಸೋಮವಾರ ನೋಂದಣಿ ಕಚೇರಿಗೆ ಬರಲು ಒಪ್ಪಿದ್ದಾರೆ. ಅವರನ್ನು ಕರೆತರಲು ರಿಕ್ಷಾ ಗೊತ್ತುಮಾಡಿದ್ದೇವೆ.