ಏನಂತ ಕರೀಲಿ?

ನಮ್ಮ ಕಡೆಯ ಮಾತು ಹೇಗೆ ಬದಲಾಗುತ್ತ ಬಂತು ಎಂದು ತಿಳಿಯಬೇಕಾದವರು ಹಳ್ಳಿ ಶಾಲೆಯ ಹಳೇ ದಾಖಲಾತಿ ಪುಸ್ತಕ ಬಿಚ್ಚಿ ನೋಡಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ, ರಟ್ಟು ಕಿತ್ತುಹೋಗಿ ಅಂಚು ಗೆದ್ದಲು ತಿಂದಿದ್ದ ಅಂಥ ಪುಸ್ತಕವನ್ನು ಇಡೀ ಮಧ್ಯಾಹ್ನ ಮಗುಚುತ್ತ ಕೂತಿದ್ದೆ. ಮೊದಲ ಪುಟಗಳಲ್ಲಿ ಗೌಡರ, ಸಾಹುಕಾರರ ಮನೆ ಮಕ್ಕಳು ಕೊಟ್ರಪ್ಪ, ಬಸಪ್ಪ, ವೀರಯ್ಯ. ಅಪರೂಪಕ್ಕೆ ಕೇರಿಯಿಂದ ಬಂದ ಕೂಸುಗಳು ಬರೀ ದುರುಗ, ಮರಿಯ, ಹುಲುಗ. ಅಪ್ಪ, ಅಯ್ಯ ಎಂಬ ಗೌರವ ಯಾರಿಗುಂಟು ಯಾರಿಗಿಲ್ಲ ಎನ್ನುವುದು ತೊಟ್ಟಿಲಲ್ಲೇ ತೀರ್ಮಾನವಾಗಿತ್ತು. ಪುಟ ಸರಿದಂತೆ ಅದೇ ಕೇರಿಯಿಂದ ದುರುಗಪ್ಪ ಬರುತ್ತಾನೆ, ಆಮೇಲೆ ದುರ್ಗೇಶ. ಈಚಿನ ಪುಟಗಳಲ್ಲಿ ಹರ್ಷಿತಾ, ಯಶಸ್, ಸಾನ್ವಿ. ಹೆಸರು ಓದಿ ಇದು ಯಾವ ಓಣಿಯ ಕೂಸು ಎಂದು ಹೇಳಲು ಬರುವುದಿಲ್ಲ.

ಊರ ದೇವರ ಹೆಸರೆಲ್ಲ ಹೋದವು ಎಂದು ಹಿರಿಯರು ಮರುಗುತ್ತಾರೆ. ಕೊಟ್ರವ್ವ, ಮೈಲವ್ವ, ಹುಲಿಗೆಮ್ಮ ಎಂಬ ಹೆಸರುಗಳ ಮೇಲೆ ನನಗೂ ತುಂಬ ಪ್ರೀತಿ. ಆದರೂ ದುರುಗನ ಮೊಮ್ಮಗಳು ಸಾನ್ವಿಯಾದದ್ದನ್ನು ಕಂಡು ಮರುಗಲು ನನ್ನಿಂದಾಗದು.

ಭಾಷೆ ಕೆಟ್ಟಿತು ಅನ್ನುವವರು ಸಾಮಾನ್ಯವಾಗಿ ಇಂಗ್ಲಿಷ್ ಪದಗಳನ್ನು ಎಣಿಸುತ್ತ ಕೂರುತ್ತಾರೆ. ಬಸ್ಸು, ಲೈಟು, ಮೊಬೈಲು ಬಂದವು, ನಮ್ಮವೇ ಆದವು. ಅದರಲ್ಲಿ ನನಗೆ ಹೆಚ್ಚಿನ ಆಸಕ್ತಿ ಇಲ್ಲ. ಯಾರು ಯಾರನ್ನು ಏನಂತ ಕರೆಯುತ್ತಾರೆ, ಯಾರಿಗೆ ‘ಲೇ’, ಯಾರಿಗೆ ‘ರೀ’ ಎನ್ನುವುದರ ಮೇಲೆಯೇ ನನ್ನ ಕಿವಿ. ಮೊದಲು ನಮ್ಮ ಹಳ್ಳಿಗಳಲ್ಲಿ ಹತ್ತು ವರ್ಷದ ಗೌಡರ ಹುಡುಗ ನರೆತ ತಲೆಯ ಆಳಿಗೆ “ಏ ಮರಿಯಾ, ಬಾರಲೇ ಇಲ್ಲಿ” ಅನ್ನುತ್ತಿದ್ದ. ಮುದುಕ “ಬಂದ್ನಿ ಧಣೇರ” ಎಂದು ಓಡಿ ಬರುತ್ತಿದ್ದ. ಇಬ್ಬರಿಗೂ ಅದು ಸಹಜವಾಗಿಯೇ ಕೇಳುತ್ತಿತ್ತು.

ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, ಅಧ್ಯಕ್ಷ ಸ್ಥಾನಕ್ಕೆ ಮೀಸಲಾತಿ ಬಂತು. ಕೇರಿಯವರು ಪಂಚಾಯಿತಿ ಕುರ್ಚಿಯಲ್ಲಿ ಕೂತರು. ನಮ್ಮೂರ ಹಿರಿಯ ಜಮೀನುದಾರರೊಬ್ಬರು ಆ ಹೊಸದರಲ್ಲಿ ಪಂಚಾಯಿತಿಗೆ ಬಂದಾಗ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಕುರ್ಚಿಯಲ್ಲಿದ್ದವನಿಗೆ ‘ಸಹಿ ಮಾಡಲೇ’ ಅನ್ನಲು ಕಾಲ ಬಿಡದು, ‘ಸಹಿ ಮಾಡ್ರೀ’ ಅನ್ನಲು ನಾಲಿಗೆ ಹೊರಳದು. ಅವರು ಹೇಳಿದ್ದು, “ಇದಕ್ಕೊಂದು ಸಹಿ ಆಗಬೇಕಿತ್ತು.” ಸ್ವಲ್ಪ ಹೊತ್ತು ಬಿಟ್ಟು, “ಹೆಂಗ ಮಾಡೋದು ಮತ್ತ?” ನೀನೂ ಇಲ್ಲ, ನೀವೂ ಇಲ್ಲ, ಕರ್ತೃವೇ ಇಲ್ಲ. ಕನ್ನಡದಲ್ಲಿ ಇಂಥದ್ದೊಂದು ದಾರಿ ಇದೆಯಲ್ಲ, ಅದರಲ್ಲೇ ಎಷ್ಟೋ ಜನ ಎಷ್ಟೋ ವರ್ಷ ನಡೆದರು. ಅವರ ಮಗ “ಅಧ್ಯಕ್ಷರು ಏನಂತಾರ ನೋಡ್ರಿ” ಎಂದು ಎದುರಿಗಿದ್ದವರನ್ನೇ ಮೂರನೆಯವರಂತೆ ಮಾತಾಡಿಸಿದ. ಮೊಮ್ಮಗ ಬಂದವನೇ, “ನಮಸ್ಕಾರ್ರೀ ಅಧ್ಯಕ್ಷರ, ಊಟ ಆತೇನ್ರೀ?” ಅಂದ. ವ್ಯಾಕರಣದ ಪುಸ್ತಕದಲ್ಲಿ ಏನೂ ಬದಲಾಗಿಲ್ಲ, ಬಹುವಚನ ಮೊದಲೂ ಇತ್ತು. ಅದು ಕೇರಿಯ ಬಾಗಿಲಿಗೆ ಬರಲು ಮೂರು ತಲೆಮಾರು ಹಿಡಿಯಿತು. ಎಲ್ಲ ಊರುಗಳಿಗೂ ಬಂದಿದೆ ಎಂದು ಈಗಲೂ ಹೇಳಲಾರೆ.

ಜನರಷ್ಟೇ ಅಲ್ಲ, ಈ ನೆಲವೂ ಬೇರೆ ಬೇರೆ ಹೆಸರು ಹೊತ್ತಿದೆ. ನಮ್ಮ ಕಡೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ನೆಲವೇ ಹಲವು ಸರಕಾರಗಳನ್ನು ಕಂಡದ್ದು. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆ ಇದು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ರೈತವಾರಿ ಕಂದಾಯಕ್ಕೆ ಗಟ್ಟಿ ತಳಪಾಯ ಹಾಕಿದ ನೆಲ. ಜಮಾಬಂದಿ, ಕಿಸ್ತು, ತಕರಾರು ಎಂಬ ಕಚೇರಿ ಮಾತುಗಳು ನಮ್ಮ ಬಾಯಲ್ಲಿ ಉಳಿದವು. ಮೈಸೂರು ಕಡೆ ಶಾನುಭೋಗ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕರಣಂ ಮಾಡುತ್ತಿದ್ದ. ಹುದ್ದೆ ಹೋಗಿ, ಆ ಹೆಸರು ಕೆಲವು ಮನೆತನಗಳಲ್ಲಿ ಅಡ್ಡಹೆಸರಾಗಿ ನಿಂತಿದೆ. ಕರಣಂ ಕೂತ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ, ಈಗ ಗ್ರಾಮ ಆಡಳಿತಾಧಿಕಾರಿ. ಹರಪನಹಳ್ಳಿಯ ಹಿರಿಯರೊಬ್ಬರನ್ನು ನೆನೆಯಿರಿ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ಕ್ಕೆ ಮೈಸೂರಿನವರಾದರು, 1973ಕ್ಕೆ ಕರ್ನಾಟಕದವರು, 1997ರಲ್ಲಿ ದಾವಣಗೆರೆ ಜಿಲ್ಲೆಯವರು, 2018ರಲ್ಲಿ ಮತ್ತೆ ಬಳ್ಳಾರಿಯವರು, 2021ರಲ್ಲಿ ವಿಜಯನಗರದವರು. ಮನೆ ಬಿಟ್ಟು ಕದಲಿಲ್ಲ. “ಯಾವ ಕಡೆಯವರು ನೀವು?” ಎಂದರೆ ಅವರು ಊರ ಹೆಸರನ್ನಷ್ಟೇ ಹೇಳುತ್ತಾರೆ, ಜಿಲ್ಲೆಯ ಗೋಜಿಗೆ ಹೋಗುವುದಿಲ್ಲ.

ಇದೇ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದವರು ಹಾಸ್ಯ ಲೇಖಕ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು. ಅವರಿಗೆ ಮೊದಲು ಕನ್ನಡ ಪುಸ್ತಕಗಳೆಂದರೆ ಅಷ್ಟಕ್ಕಷ್ಟೇ. ಅನಕೃ ಅವರ ‘ಸಂಧ್ಯಾರಾಗ’ ಓದಿದ ಮೇಲೆ ಕನ್ನಡಕ್ಕೆ ತಿರುಗಿದವರು ಮತ್ತೆ ಹಿಂದೆ ನೋಡಲಿಲ್ಲ, ತಮ್ಮ ಪಾತ್ರ ತಿಂಮನನ್ನು ಮನೆಮನೆಗೆ ಕಳಿಸಿದರು. ಮನೆಯ ಮಾತಿಗೂ ಬೆಲೆಯುಂಟು ಎಂದು ಮನಸ್ಸಿಗೆ ತಾಕುವ ಗಳಿಗೆ ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿನಲ್ಲಿ ಬರುತ್ತದೆ. ನನಗೆ ಅದು ಬಂದದ್ದು ಕೊಟ್ಟೂರಿನ ಕುಂ. ವೀರಭದ್ರಪ್ಪನವರನ್ನು ಓದಿದಾಗ. ಶಾಲೆಯಲ್ಲಿ ನಮ್ಮ ‘ಐತಿ’ಯನ್ನು ‘ಇದೆ’ ಎಂದೂ ‘ಯವ್ವಾ’ ಎಂಬುದನ್ನು ‘ತಾಯಿ’ ಎಂದೂ ತಿದ್ದಿಸಿಕೊಂಡು ಬೆಳೆದವರು ನಾವು. ಬರೆಯುವ ಕನ್ನಡ ಕಲಿಸಿದ ಆ ಮೇಷ್ಟ್ರುಗಳ ಋಣ ದೊಡ್ಡದು. ಆದರೆ ಅಜ್ಜಿಯ ಮಾತು ಅಚ್ಚಿನಲ್ಲಿ, ಅದೇ ಏರಿಳಿತದಲ್ಲಿ ಕಂಡಾಗ ಎದೆ ತುಂಬಿ ಬಂದಿತ್ತು. ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲಂತೂ ನಮ್ಮ ಮಾತನ್ನು ಒರಟು ಎನ್ನುವವರ ಎದುರು ಹಿಡಿಯಲು ನಮಗೊಂದು ಪುಸ್ತಕ ಸಿಕ್ಕಿತು.

‘ಲೇ’ ಎಂದರೆ ಕೀಳು ಎಂದೇನೂ ಅಲ್ಲ. ಗೆಳೆಯರಿಬ್ಬರ ನಡುವೆ ಅದರಷ್ಟು ಹತ್ತಿರದ ಮಾತು ಇನ್ನೊಂದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿಯ ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಅಂದರೆ ಮಂತ್ರಿ, ಅಧಿಕಾರಿ, ಕುರಿಗಾರ, ಬೆಂಗಳೂರಿನಿಂದ ಕಾರಲ್ಲಿ ಬಂದವರು, ಎಲ್ಲರೂ ಬಾಯಿ ಮುಚ್ಚುತ್ತಾರೆ. ಒಂದೇ ಒಂದು ಸಾಲು ಕಾರಣಿಕ ನುಡಿದು ಅವನು ಮೇಲಿನಿಂದ ಬೀಳುತ್ತಾನೆ. ವರ್ಷದ ಮಳೆ ಬೆಳೆಯ ಅರ್ಥವನ್ನು ರೈತರು ಅದರಲ್ಲಿ ಹುಡುಕುತ್ತಾರೆ, ರಾಜಕಾರಣದವರು ತಮ್ಮದನ್ನು. ನಾನು ಹುಡುಕುವುದು ಆ ‘ಲೇ’ಯನ್ನು. ಅಲ್ಲಿ ಅದು ಎಲ್ಲರ ಮೇಲೂ ಒಂದೇ ಸಮ ಬೀಳುತ್ತದೆ.

ಹೆಂಗಸರ ಮಾತಿನ ಕಥೆ ಇನ್ನೂ ದೊಡ್ಡದು. ಗಂಡನ ಹೆಸರು ಬಾಯಿ ಬಿಟ್ಟು ಹೇಳುವಂತಿರಲಿಲ್ಲ, “ನಮ್ಮನ್ಯಾಗಿನವ್ರು” ಅನ್ನಬೇಕು. ಮದುವೆ, ಸೀಮಂತಗಳಲ್ಲಿ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಸೇರಿಸಿ ಹೇಳುವ ಅವಕಾಶ ಮಾತ್ರ ಇತ್ತು. ಆ ಕಟ್ಟಳೆಯಿಂದ ಎಂಥ ಕವಿತ್ವ ಹುಟ್ಟಿತು! ಈಗ ಸೊಸೆ ಫೋನಿನಲ್ಲಿ “ಮಂಜು, ಎಲ್ಲಿದ್ದೀಯ?” ಅನ್ನುತ್ತಾಳೆ, ಅತ್ತೆ ಕೇಳಿಸಿದರೂ ಕೇಳಿಸದವಳ ಹಾಗೆ ಸೊಪ್ಪು ಸೋಸುತ್ತಾಳೆ. ಒಡಪು ಮರೆಯುತ್ತಿರುವುದು ನನಗೆ ನಿಜವಾದ ದುಃಖ. ಕಟ್ಟಳೆ ಹೋಗಲಿ, ಹಾಡುವ ನಾಲಿಗೆ ಉಳಿಯಲಿ ಎಂಬ ಆಸೆ.

ಹೆಸರಿನ ಜೊತೆ ಗಂಡು ಹೆಣ್ಣಿನ ಗೆರೆಯನ್ನೂ ದಾಟಿದವರಿದ್ದಾರೆ. ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಶಾಲೆಯಲ್ಲಿ ಮಂಜುನಾಥ. ಕಾಳವ್ವ ಜೋಗತಿಯವರಿಂದ ಎಲ್ಲಮ್ಮನ ಕುಣಿತ, ಹಾಡು ಕಲಿತು ಬೆಳೆದರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಜೋಗತಿಯರನ್ನು ಕಂಡರೆ ಹಿಂದಿನಿಂದ ಚಪ್ಪಾಳೆ ತಟ್ಟಿ ಕೂಗುತ್ತಿದ್ದ ಬೀದಿಗಳಲ್ಲಿ ಇವತ್ತು “ಮಂಜಮ್ಮ ಬಂದ್ರು” ಎಂಬ ಮಾತಿದೆ. ‘ಬಂದ್ರು’ ಎಂಬ ಆ ಕ್ರಿಯಾಪದದ ಕೊನೆಯಲ್ಲಿ ಗಂಡು ಹೆಣ್ಣಿನ ಗುರುತಿಲ್ಲ, ಗೌರವವಷ್ಟೇ ಇದೆ. ಕನ್ನಡ ಇಂಥ ಜಾಗವನ್ನು ಮೊದಲಿನಿಂದಲೂ ಇಟ್ಟುಕೊಂಡಿತ್ತು. ಅಲ್ಲಿ ಒಬ್ಬ ಜೋಗತಿಯನ್ನು ಕೂರಿಸಲು ಅವರು ಒಂದು ಜೀವಮಾನ ಕುಣಿಯಬೇಕಾಯಿತು.

ತಾಂಡಾಗಳ ಮಾತಿಗೆ ಇನ್ನೂ ಆ ಜಾಗ ಸಿಕ್ಕಿಲ್ಲ. ಈ ಐದೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಮನೆಯೊಳಗೆ ಗೋರ್ ಬೋಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಜೊತೆಗೆ ಹೋದ ಮಕ್ಕಳು ಅಲ್ಲಿಯ ‘ಕಣೋ’, ‘ಕಣಮ್ಮ’ಗಳನ್ನು ಕಟ್ಟಿಕೊಂಡು ಬರುತ್ತಾರೆ. ಆರು ತಿಂಗಳ ಮೇಲೆ ಶಾಲೆಗೆ ಮರಳಿದ ಹುಡುಗಿ ಮನೆಯಲ್ಲಿ ಅಮ್ಮನಿಗೆ ‘ಯಾಡಿ’, ಗೆಳತಿಗೆ ‘ಏನ್ಲೇ’, ಟೀಚರಿಗೆ ‘ಬರ್ತೀನಿ ಮಿಸ್’ ಅನ್ನುತ್ತಾಳೆ, ಎಲ್ಲಿಯೂ ತಡವರಿಸುವುದಿಲ್ಲ. ಇಷ್ಟೆಲ್ಲ ಬಲ್ಲ ಮಗುವನ್ನು ‘ಭಾಷೆಯಲ್ಲಿ ಹಿಂದೆ’ ಎಂದು ಬರೆಯುವುದು ತಪ್ಪು. ಮನೆಯ ಮಾತಿನಲ್ಲೇ ಎಣಿಸಲು, ಕಥೆ ಹೇಳಲು ಬಿಟ್ಟು, ಅಲ್ಲಿಂದ ಕನ್ನಡದ ಅಕ್ಷರಕ್ಕೆ ಕೈ ಹಿಡಿದು ಕರೆತರಬೇಕು. ತಾಂಡಾದಲ್ಲಿ ಹುಟ್ಟಿ ಬೆಳೆದು ಅದೇ ತಾಂಡಾದ ಶಾಲೆಗೆ ಪಾಠ ಹೇಳುವವರು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ, ಆದರೆ ಅಂಥವರ ಸಂಖ್ಯೆ ಸಾಲದು.

2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಲಂಬಾಣಿ ಎಂದು ಬರೆಸಿದರು. ಪಟ್ಟಿಯಲ್ಲಿ ಅವರನ್ನೆಲ್ಲ ಹಿಂದಿಯ ಕೆಳಗೆ ಸೇರಿಸಲಾಗಿದೆ. ಹರಪನಹಳ್ಳಿಯ ತಾಂಡಾದ ಅಜ್ಜಿಗೆ ಹಿಂದಿ ಬಾರದು, ಹಿಂದಿಯವರಿಗೆ ಅವಳ ಮಾತು ತಿಳಿಯದು. ಮುಂದಿನ ಗಣತಿಯಲ್ಲಾದರೂ ಅವಳ ಮಾತನ್ನು ಅವಳು ಕರೆಯುವ ಹೆಸರಿನಲ್ಲೇ, ಬೇರೆ ಸಾಲಿನಲ್ಲಿ ಎಣಿಸಲಿ. ಹಾಗೆಂದು ಕೇಳುವ ಅರ್ಜಿಗೆ ಕನ್ನಡದವರಾದ ನಾವೂ ಸಹಿ ಹಾಕಬೇಕು.