ಬೀಗ ಓದುವ ವಿದ್ಯೆ

ಸಾರ್ವಜನಿಕ ಆರೋಗ್ಯ ಓದುವವರ ಕೈಗೆ ಕೊಡುವ ಸರ್ವೆ ಫಾರಂನಲ್ಲಿ ಬದುಕಿನ ಎಲ್ಲಕ್ಕೂ ಒಂದೊಂದು ನಂಬರ್ ಇರುತ್ತದೆ. ಸೌದೆ ಒಲೆಗೆ ಒಂದು, ಗ್ಯಾಸಿಗೆ ಎರಡು. ನಲ್ಲಿ ನೀರಿಗೆ ಒಂದು, ಬೋರ್‌ವೆಲ್ಲಿಗೆ ಎರಡು. ಮೊದಲ ಪುಟದ ಮೂಲೆಯಲ್ಲಿ ಇನ್ನೊಂದು ಪುಟ್ಟ ಚೌಕ: ‘ಮನೆಗೆ ಬೀಗ’. ಅಲ್ಲೊಂದು ಟಿಕ್ ಹಾಕಿದರೆ ಉಳಿದ ಪುಟಗಳನ್ನೆಲ್ಲ ಬಿಟ್ಟು ಪಕ್ಕದ ಮನೆಗೆ ನಡೆಯಬಹುದು. ಕೊರಳಲ್ಲಿ ಐಡಿ ಕಾರ್ಡು, ಆಷಾಢದ ಗಾಳಿಗೆ ಹಾರದಂತೆ ಎದೆಗವಚಿಕೊಂಡ ಫಾರಂ ಕಟ್ಟು, ಬೆಳಗಿನಿಂದ ನಡೆದು ಸೋತ ಕಾಲು. ಇಂಥ ವಿದ್ಯಾರ್ಥಿಗೆ ಆ ಚೌಕದಷ್ಟು ಪ್ರಿಯವಾದದ್ದು ಇಡೀ ಫಾರಂನಲ್ಲಿ ಇನ್ನೊಂದಿಲ್ಲ.

ತರಬೇತಿಗೆ ಚಾಮರಾಜನಗರ ಜಿಲ್ಲೆ ಎಂದು ಪಟ್ಟಿ ಬಂದಾಗ ಹಾಸ್ಟೆಲಿನಲ್ಲಿ ಹಳೆಯ ಜೋಕು ಓಡಾಡಿತು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ನಮ್ಮ ರಾಜಕಾರಣಿಗಳಲ್ಲಿ ದಶಕಗಳಿಂದ ಇದೆಯಷ್ಟೆ. ನಮಗೆ ಆ ಭಯವಿರಲಿಲ್ಲ. ಕಳೆದುಕೊಳ್ಳಲು ಕುರ್ಚಿಯೇ ಇರಲಿಲ್ಲ. ಆರೋಗ್ಯ ಉಪಕೇಂದ್ರದಲ್ಲಿ ನಮ್ಮ ಪಾಲಿಗೆ ಬಂದದ್ದು ಒಂದು ಸ್ಟೂಲು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ ಇದು. ಒಂದು ಕಡೆ ಕೇರಳ, ಇನ್ನೊಂದು ಕಡೆ ತಮಿಳುನಾಡು. ನಡುವೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಅಂತ ನೆಲದ ಅರ್ಧದಷ್ಟು ಕಾಡು. ನಾವು ಓದಿಕೊಂಡು ಬಂದಿದ್ದ ಲೆಕ್ಕ ಸಲೀಸಾಗಿತ್ತು: ಬಯಲಿನಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಬೆಟ್ಟಗಾಡಿನಲ್ಲಿ 3,000 ಜನಕ್ಕೆ ಒಂದು, ಸುಮಾರು 1,000 ಜನಕ್ಕೊಬ್ಬರು ಆಶಾ ಕಾರ್ಯಕರ್ತೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಮಾತ್ರ ಪ್ರತಿ ಶೇಕಡಾವಾರಿಗೂ ಗೊಣಗುತ್ತಿದ್ದರು: ‘ಮೇಲಿನ ಅಂಶವನ್ನು ಯಾರು ಬೇಕಾದರೂ ಎಣಿಸುತ್ತಾರೆ, ಕೆಳಗಿನ ಛೇದ ಎಲ್ಲಿಂದ ಬಂತು ಕೇಳಿ.’

ಗುಂಡ್ಲುಪೇಟೆಯ ಹಳ್ಳಿಗಳಲ್ಲಿ ಆ ಛೇದ ಬೆಳಕು ಹರಿಯುವ ಮೊದಲೇ ಊರು ಬಿಡುತ್ತದೆ. ನಾವು ತಿಂಡಿ ಮುಗಿಸಿ ಬಸ್ಸಿಳಿಯುವಷ್ಟರಲ್ಲಿ ಗೂಡ್ಸ್ ಆಟೊಗಳು ಹೆಂಗಸರನ್ನು ತುಂಬಿಕೊಂಡು ಹೋಗಿ ಆಗಿರುತ್ತಿತ್ತು. ಆಷಾಢ, ಶ್ರಾವಣ ಇಲ್ಲಿ ಚೆಂಡುಹೂವಿನ ಕಾಲ. ಹೆದ್ದಾರಿಯ ಪಕ್ಕದ ಹೊಲಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಊಟಿಗೋ ವಯನಾಡಿಗೋ ಹೊರಟವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವಿನಲ್ಲಿ ದೇವರ ಮುಡಿಗೆ ಹೋಗುವುದು ಸ್ವಲ್ಪವೇ. ಉಳಿದದ್ದು ಕಾರ್ಖಾನೆಗೆ ಹೋಗಿ ಬಣ್ಣವಾಗುತ್ತದೆ, ಕೋಳಿಯ ಮೇವಿಗೆ ಸೇರುತ್ತದೆ, ಎಲ್ಲೋ ಯಾರದೋ ತಟ್ಟೆಯಲ್ಲಿ ಮೊಟ್ಟೆಯ ಹಳದಿಯನ್ನು ಗಾಢ ಮಾಡುತ್ತದೆ. ನನ್ನ ಫಾರಂನಲ್ಲಿ ‘ಕಳೆದ 24 ಗಂಟೆಯಲ್ಲಿ ಮೊಟ್ಟೆ ತಿಂದಿದ್ದೀರಾ?’ ಎಂಬ ಪ್ರಶ್ನೆಯಿತ್ತು. ಮನೆಯಲ್ಲಿ ಸಿಗದವರನ್ನು ಹುಡುಕಿಕೊಂಡು ಹೊಲದ ಬದುವಿಗೆ ಹೋಗಿ ಕೇಳಿದೆ. ಹೂ ಕೊಯ್ಯುತ್ತಿದ್ದ ಹೆಂಗಸು ಕೈ ನಿಲ್ಲಿಸದೆ, “ತಿಂಗಳ ಲೆಕ್ಕ ಕೇಳು ಕನವ್ವ, ಹೇಳ್ತೀನಿ” ಎಂದು ನಕ್ಕಳು. ಉಳಿದವರೂ ನಕ್ಕರು. ಆ ನಗುವಿಗೆ ಫಾರಂನಲ್ಲಿ ನಂಬರ್ ಇರಲಿಲ್ಲ.

ಊರಿನಲ್ಲಿ ಉಳಿದಿರುತ್ತಿದ್ದದ್ದು ಮುದುಕರು, ನಾಯಿಗಳು ಮತ್ತು ಬಾಗಿಲುಗಳು. ಆ ಬಾಗಿಲುಗಳ ಮುಂದೆ ನಿಲ್ಲಿಸಿ ನನಗೆ ಪಾಠ ಮಾಡಿದವರು ಆಶಾ ಅಕ್ಕ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಚೀಲದಲ್ಲಿ ಕಬ್ಬಿಣಾಂಶದ ಮಾತ್ರೆ, ಓಆರ್‌ಎಸ್, ಒಂದು ಡೈರಿ. ನಾನು ‘ಬೀಗ’ ಎಂದು ಟಿಕ್ ಹಾಕಲು ಪೆನ್ನು ತೆಗೆದರೆ ಅವರು ತಡೆಯುತ್ತಿದ್ದರು. ಚಿಲಕಕ್ಕೆ ಬರೀ ಹಗ್ಗ ಸುತ್ತಿದ್ದರೆ ಆಚೆ ಹಿತ್ತಲಲ್ಲೋ ಹೊಲೆಯುವ ಮಿಷನ್ನಿನ ಮನೆಯಲ್ಲೋ ಇದ್ದಾರೆ, ಕೂಗಿದರೆ ಬರುತ್ತಾರೆ. ಬೀಗ ಇದ್ದು ಬಾಗಿಲ ಮುಂದೆ ಸಾರಿಸಿ ರಂಗೋಲಿ ಇಟ್ಟಿದ್ದರೆ ಕೂಲಿಗೆ ಹೋಗಿದ್ದಾರೆ, ದೀಪ ಹಚ್ಚುವ ಹೊತ್ತಿಗೆ ಸಿಗುತ್ತಾರೆ. ಬೀಗ ಇದ್ದು ಕೀ ಪಕ್ಕದ ಮನೆಯಲ್ಲಿದ್ದರೆ ಮಕ್ಕಳು ಸ್ಕೂಲಿನಿಂದ ಬಂದು ತೆಗೆದುಕೊಳ್ಳುತ್ತವೆ, ಅಂದರೆ ದೊಡ್ಡವರು ರಾತ್ರಿಗೆ. ಒಂದು ಮನೆಯ ಮುಂದೆ ಬಂದಾಗ ಅವರು ಬೀಗವನ್ನು ಬೆರಳಲ್ಲಿ ಎತ್ತಿ ತೋರಿಸಿದರು. ಅದಕ್ಕೊಂದು ಪ್ಲಾಸ್ಟಿಕ್ ಕವರ್ ಕಟ್ಟಿತ್ತು, ಮಳೆಗೆ ತುಕ್ಕು ಹಿಡಿಯದಿರಲಿ ಅಂತ. “ಶುಂಠಿಗ ಹೋಗವ್ರ ಮೇಡಂ. ಮಾರಿಹಬ್ಬಕ್ಕ ಬತ್ತಾರ. ಆ ಹುಡ್ಗಿಗ ಈಗ ಐದು ತಿಂಗಳು,” ಎಂದರು. ಬೀಗದಿಂದ ಹಿಡಿದು ಬಸಿರಿನವರೆಗೆ ಅವರಿಗೆ ಗೊತ್ತಿತ್ತು. ನನ್ನ ಫಾರಂಗೆ ಗೊತ್ತಿದ್ದದ್ದು ಒಂದೇ ಥರದ ಬೀಗ.

ಶುಂಠಿಗೆ ಅಂದರೆ ವಯನಾಡಿಗೆ. ಕಾಫಿ ಹಣ್ಣಿನ ಕಾಲ ಬಂದರೆ ಕೊಡಗು, ಹುಡುಗರಿಗೆ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿ. ಬಂಡೀಪುರದ ಕಾಡಿನ ನಡುವೆ ಹಾಯುವ ಕೇರಳದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಹೋಗುವುದೂ ಬರುವುದೂ ಆ ಗೇಟಿನ ಗಡಿಯಾರ ನೋಡಿಕೊಂಡೇ. ರಾಜ್ಯದ ಗಡಿ ದಾಟಿದ ಕೂಡಲೇ ಮನುಷ್ಯ ಒಂದು ರಿಜಿಸ್ಟರಿನಿಂದ ಬಿದ್ದು ಇನ್ನೊಂದಕ್ಕೆ ಸೇರದೆ ಹೋಗುವ ಅಪಾಯ. ಬಸುರಿಯ ತಾಯಿ ಕಾರ್ಡು ರೇಷನ್ ಕಾರ್ಡಿನ ಜೊತೆ ಕವರಿನಲ್ಲಿ ಪ್ರಯಾಣ ಮಾಡುತ್ತದೆ, ಆದರೆ ಅಲ್ಲಿಯ ನರ್ಸಮ್ಮನಿಗೆ ಕನ್ನಡ ಓದಲು ಬರಬೇಕಲ್ಲ. ಟಿಬಿಯದು ಇನ್ನೂ ಕಷ್ಟ. ಔಷಧಿ ಆರು ತಿಂಗಳು ತಪ್ಪದೆ ನುಂಗಬೇಕು. ಕೂಲಿ ಆರು ತಿಂಗಳು ಒಂದೇ ಊರಿನಲ್ಲಿ ಇರಲು ಬಿಡುವುದಿಲ್ಲ. ನಿಕ್ಷಯ್ ಪೋರ್ಟಲ್‌ನಲ್ಲಿ ರೋಗಿಯನ್ನು ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ವರ್ಗ ಮಾಡುವ ಅನುಕೂಲವಿದೆ. ಆದರೆ ಆತ ಹೊರಟ ಎಂದು ಯಾರಾದರೂ ಹೇಳಿದರೆ ತಾನೇ ಗುಂಡಿ ಒತ್ತುವುದು?

ಹೀಗೆ ನೋಡತೊಡಗಿದ ಮೇಲೆ ತರಗತಿಯಲ್ಲಿ ಕಲಿತ ದೊಡ್ಡ ದೊಡ್ಡ ಗೆಲುವುಗಳ ಅರ್ಥವೇ ಬೇರೆಯಾಯಿತು. ಪೋಲಿಯೊ ಲಸಿಕೆಯ ಭಾನುವಾರಗಳಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ‘ಪಿ’. ಮಗು ಇರಲಿಲ್ಲ, ಅಥವಾ ಮನೆಗೆ ಬೀಗ ಎಂದಾದರೆ ‘ಎಕ್ಸ್’. ಈ ಎಕ್ಸ್ ಬಿದ್ದ ಮನೆಗಳಿಗೆ ಮತ್ತೆ ಹೋಗಿ ಅದನ್ನು ಪಿ ಮಾಡುವುದೇ ಕೆಲಸದ ಅಸಲು. ಬಸ್‌ಸ್ಟ್ಯಾಂಡಿನಲ್ಲಿ ಒಂದು ತಂಡ, ಇಟ್ಟಿಗೆ ಗೂಡಿನಲ್ಲಿ ಒಂದು ತಂಡ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ಕಾರ್ಯಕ್ರಮಕ್ಕೆ ಫಲ ಸಿಕ್ಕಿದ್ದು 2011ರ ಜನವರಿಯ ನಂತರ ದೇಶದಲ್ಲಿ ಒಂದೂ ಹೊಸ ಪ್ರಕರಣ ಕಾಣದೆ ಹೋದಾಗ. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂತು. ಲಸಿಕೆ ಎಷ್ಟೇ ಒಳ್ಳೆಯದಿರಲಿ, ಬೀಗ ಕಂಡು ಸುಮ್ಮನೆ ಮುಂದೆ ನಡೆದಿದ್ದರೆ ಆ ಪತ್ರ ಬರುತ್ತಿರಲಿಲ್ಲ.

ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದಾಗಲೂ ಬೋರ್ಡು ಹಾಕಿ ಕಾಯುತ್ತ ಕೂತಿರಲಿಲ್ಲ, ಅವರ ಹಾಡಿಗಳಾದ ಪೋಡುಗಳಿಗೆ ನಡೆದರು. 2012ರ ಕೊನೆಯಲ್ಲಿ ಬಂಡೀಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಜ್ವರ ಬಂದದ್ದು ಸತ್ತ ಮಂಗಗಳನ್ನು ಎತ್ತಿ ಸುಟ್ಟವರಿಗೆ. ಹಗಲು ಹತ್ತಕ್ಕೆ ಬಾಗಿಲು ತಟ್ಟುವ ಸರ್ವೆಗೆ ಅಂಥವರು ಸಿಗುವವರೇ ಅಲ್ಲ, ಅವರು ಕಾಡಿನಲ್ಲಿರುತ್ತಾರೆ. ಕಾಯಿಲೆ ಇರುವುದೂ ಅಲ್ಲೇ.

ಹಾಗಾಗಿ ನಮ್ಮ ಸರ್ವೆಯ ಹೊತ್ತು ಬದಲಾಯಿತು. ಸಂಜೆ ಆರರ ಮೇಲೆ ಹೊರಡತೊಡಗಿದೆವು. ಕತ್ತಲಾದ ಮೇಲೆ ಹಳ್ಳಿ ಇನ್ನೊಂದೇ ಊರು. ಒಲೆ ಹೊತ್ತಿರುತ್ತದೆ, ಮುದ್ದೆಗೆ ಎಸರು ಕುದಿಯುತ್ತಿರುತ್ತದೆ, ಟೀವಿಯಲ್ಲಿ ಧಾರಾವಾಹಿ. ಉತ್ತರ ಹೇಳುವ ಹೆಂಗಸು ಕೋಲು ತಿರುಗಿಸುತ್ತಲೇ ಹೇಳುತ್ತಾಳೆ, ಅತ್ತೆ ನಡುವೆ ತಿದ್ದುತ್ತಾಳೆ. ಹಗಲಲ್ಲಿ ಮುದುಕರು ಸೊಸೆಯ ಪರವಾಗಿ “ಎಲ್ಲಾ ಚೆನ್ನಾಗವ್ರ” ಎಂದು ಹೇಳಿ ಕಳಿಸುತ್ತಿದ್ದ ಮನೆಗಳಲ್ಲೇ ರಾತ್ರಿ ತಲೆಸುತ್ತು, ಬಿಳಿಚಿದ ರೆಪ್ಪೆ, ತಿಂಗಳ ಮುಟ್ಟಿನ ತೊಂದರೆ ಎಲ್ಲ ಹೊರಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಓದುವಾಗ ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಅಂಕಿಯಾಗಿತ್ತು. ಈಗ ಯಾವ ಅಂಕಿ ಕಂಡರೂ, ಬಾಗಿಲು ತಟ್ಟಿದ್ದು ಎಷ್ಟು ಹೊತ್ತಿಗೆ, ತೆರೆದವರು ಯಾರು ಎಂದು ಕೇಳುವ ಚಟ ಹತ್ತಿದೆ.

ಆಶಾಗಳ ಸಂಪಾದನೆಯ ಬಹುಪಾಲು ಮಾಡಿದ ಕೆಲಸದ ಲೆಕ್ಕದ ಮೇಲೆ. ಹೆರಿಗೆಗೆ ಆಸ್ಪತ್ರೆಗೆ ಕರೆತಂದರೆ ಇಷ್ಟು, ಮಗುವಿನ ಲಸಿಕೆ ಪೂರ್ತಿಯಾದರೆ ಇಷ್ಟು, ಟಿಬಿ ರೋಗಿ ಔಷಧಿ ಮುಗಿಸಿದರೆ ಇಷ್ಟು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಯಾರ ಮನೆಗೆ ಯಾವ ಬೀಗ, ಅವರು ಈಗ ಯಾವ ಎಸ್ಟೇಟಿನಲ್ಲಿದ್ದಾರೆ, ಯಾವ ಹಬ್ಬಕ್ಕೆ ಬರುತ್ತಾರೆ ಎಂದು ತಿಳಿದಿರುವುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ರೇಟಿಲ್ಲ. ನನ್ನ ವರದಿಯ ಶಿಫಾರಸುಗಳಲ್ಲಿ ಮೊದಲನೆಯದಾಗಿ ಅದನ್ನೇ ಬರೆದೆ: ಬೀಗ ಹಾಕಿದ ಮನೆಗಳಿಗೊಂದು ಬೇರೆ ರಿಜಿಸ್ಟರ್ ಬೇಕು, ಅದನ್ನು ಬರೆಯುವವರಿಗೆ ದುಡ್ಡು ಕೊಡಬೇಕು. ಮಾರ್ಗದರ್ಶಕರು ಕನ್ನಡಕದ ಮೇಲಿಂದ ನೋಡಿ, “ಇದಕ್ಕೆ ರೆಫರೆನ್ಸ್ ಎಲ್ಲಮ್ಮ?” ಎಂದರು. ಆಶಾ ಅಕ್ಕನ ಫೋನ್ ನಂಬರ್ ಕೊಟ್ಟೆ.