ಬಣ್ಣ ಬಳಿಯುವ ಮುನ್ನ

ನಮ್ಮ ಮನೆಯ ಅಂಬಾಸಿಡರ್ ಕಾರು ೧೯೮೫ರದು. ನಮ್ಮ ತೀರ್ಥರೂಪರು ಕೊಂಡದ್ದು. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಈ ವಾಹನದ ತಯಾರಿಕೆ ೨೦೧೪ರಲ್ಲಿಯೇ ನಿಂತುಹೋದರೂ ನಮ್ಮದು ಇಂದಿಗೂ ದಾವಣಗೆರೆಯ ಬೀದಿಗಳಲ್ಲಿ ಸಂಚರಿಸುತ್ತಿದೆ. ತಂಗಿಯ ಮಗಳ ಮದುವೆ ನಿಶ್ಚಯವಾದಾಗ, ವಧುವನ್ನು ಈ ಕಾರಿನಲ್ಲಿಯೇ ಕರೆತರಬೇಕೆಂಬ ಆಸೆ ನಮಗುಂಟಾಯಿತು. ಹಳೆಯ ಕಾರನ್ನು ಕಂಡವರು ಬಾನೆಟ್ ಎತ್ತಿ ನೋಡದೆ ಬಿಡುವುದಿಲ್ಲ. ಹಾಗೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ತುಕ್ಕು ಹಿಡಿದು ಕೆಂಪೇರಿದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದಕ್ಕೊಂದು ಹೊಸ ಬಣ್ಣ ಬಳಿದರೆ ಮರ್ಯಾದೆ ಉಳಿಯುವುದೆಂದು ಭಾವಿಸಿದೆವು.

ನಾಲ್ಕು ಸಿಲಿಂಡರುಗಳ ಸುಟ್ಟ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕೊಳವೆಗೆ ಒಪ್ಪಿಸುವ ಬೀಡು ಕಬ್ಬಿಣದ ಭಾಗವೇ ಈ ಮ್ಯಾನಿಫೋಲ್ಡ್. ಇಂಜಿನ್ನಿನಲ್ಲಿ ಇದರಷ್ಟು ಕಾಯುವ ಹೊರಭಾಗ ಮತ್ತೊಂದಿಲ್ಲ. ಆದುದರಿಂದಲೇ ಸಾಮಾನ್ಯ ಬಣ್ಣ ಇದರ ಮೇಲೆ ಕೆಲವು ದಿನಗಳೂ ನಿಲ್ಲದೆ ಸುಟ್ಟು ಉದುರುತ್ತದೆ. ಹಿಂದೊಮ್ಮೆ ನಾವು ಬಳಿಸಿದ್ದ ಸಿಲ್ವರ್ ಪೇಂಟಿನ ಗತಿಯೂ ಬಹುಪಾಲು ಅದೇ ಆಗಿತ್ತು.

ನಮ್ಮ ಅಪೇಕ್ಷೆಯನ್ನು ಕೇಳಿದ ಗ್ಯಾರೇಜಿನ ಮೇಸ್ತ್ರಿ, "ಯಜಮಾನ್ರೇ, ಬಣ್ಣ ಆಮ್ಯಾಲೆ ಹಚ್ಚೋಣ. ಮೊದ್ಲು ಇದು ಗಟ್ಟಿ ಐತೋ ಇಲ್ಲೋ ನೋಡೋಣ" ಎಂದ. ಈ ಇಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಮ್ಯಾನಿಫೋಲ್ಡೂ ಒಂದೇ ಮಗ್ಗುಲಿಗಿರುವುದರಿಂದ ಮೊದಲು ಕಾರ್ಬ್ಯುರೇಟರನ್ನು ಕಳಚಬೇಕಾಯಿತು. ತುಕ್ಕು ಹಿಡಿದ ನಟ್ಟುಗಳಿಗೆ ರಾತ್ರಿಯೆಲ್ಲ ಎಣ್ಣೆ ಕುಡಿಸಿದನು. ಆತುರದಿಂದ ತಿರುಗಿಸಿದರೆ ಸ್ಟಡ್ಡು ಮುರಿದು ಇಂಜಿನ್ನಿನ ಹೆಡ್ಡಿನಲ್ಲಿಯೇ ಉಳಿದುಬಿಡುವುದಂತೆ. ಮರುದಿನ ಕಳಚಿ, ವೈರ್ ಬ್ರಷ್ಷಿನಿಂದ ಹಳೆಯ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದನು. ಹಿಂಬದಿಯ ಬಾಯಿಯ ಹತ್ತಿರ ಮಸಿಯ ಗೆರೆಯೊಂದು ಕಂಡಿತು. ಅಲ್ಲಿಗೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿದನು. ಸ್ವಲ್ಪ ಹೊತ್ತಿಗೆ ಒಳಗೆ ಇಂಗಿದ್ದ ಎಣ್ಣೆ ಹೊರಗೆ ಒಸರಿ, ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಬಿರುಕು ಮೂಡಿತು.

ಅದನ್ನು ಕಂಡಾಗ ನಮ್ಮ ಎದೆ ಝಲ್ಲೆಂದಿತು. ಹಿಂದಿನ ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಪ್ರಯಾಣ ಮಾಡಿದಾಗಲೆಲ್ಲ ನಮ್ಮ ಮನೆಯವರು ತಲೆನೋವೆಂದು ಹೇಳುತ್ತಿದ್ದರು. "ಹೊಟ್ಟೆ ಖಾಲಿಯಿದ್ದರೆ ಹಾಗಾಗುತ್ತದೆ" ಎಂದು ನಾವು ಮಾತು ತೇಲಿಸಿದ್ದೆವು. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಪೆಡಲುಗಳ ಬಳಿಯ ಸವೆದ ರಬ್ಬರಿನ ಸಂದುಗಳಿಂದ ಅದು ಒಳಗೆ ನುಸುಳುತ್ತಿದ್ದಿರಬೇಕು. ಅದೇ ಕಾರಿನಲ್ಲಿ ನಾವು ಮದುವಣಗಿತ್ತಿಯನ್ನೂ ಮಕ್ಕಳನ್ನೂ ಕೂರಿಸಲು ಹೊರಟಿದ್ದೆವು. ಬಿರುಕಿನ ಮೇಲೆಯೇ ಬಣ್ಣ ಬಳಿಸಿದ್ದರೆ ಬಾನೆಟ್ ಎತ್ತಿದವರೆಲ್ಲ ಹೊಗಳುತ್ತಿದ್ದರು, ನಾವೂ ಹಿಗ್ಗುತ್ತಿದ್ದೆವು.

ಹಳೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮತ್ತೊಂದು ಮ್ಯಾನಿಫೋಲ್ಡ್ ದೊರೆಯಿತು. ಅದಕ್ಕೂ ಸೀಮೆಎಣ್ಣೆಯ ಪರೀಕ್ಷೆಯಾಯಿತು. ಇಂಜಿನ್ನಿಗೆ ಕೂರುವ ಮುಖ ಸಮತಟ್ಟಾಗಿದೆಯೇ ಎಂದು ಉಕ್ಕಿನ ಪಟ್ಟಿಯಿಟ್ಟು ನೋಡಿದ್ದಾಯಿತು. ಬಳಿಕವೇ ಬಣ್ಣದ ಸರದಿ. ಜಿಡ್ಡನ್ನು ಪೂರ್ಣವಾಗಿ ತೊಳೆದು, ೬೦೦ ಡಿಗ್ರಿ ಸೆಲ್ಸಿಯಸ್ ಶಾಖ ತಾಳುವ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಲಾಯಿತು. ಕೂರುವ ಮುಖಕ್ಕೆ ಮಾತ್ರ ಬಣ್ಣ ಸೋಕಿಸಲಿಲ್ಲ. ಹೊಸ ಪ್ಯಾಕಿಂಗ್ ಇಟ್ಟು ಬಿಗಿದ ಮೇಲೆ, ಬಯಲಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ನನ್ನು ಮೊದಲು ಕೆಲವೇ ನಿಮಿಷ ಓಡಿಸಿ ಆರಲು ಬಿಟ್ಟು, ಅನಂತರ ಇನ್ನಷ್ಟು ಹೊತ್ತು ಓಡಿಸಿ, ಹಂತಹಂತವಾಗಿ ಬಣ್ಣವನ್ನು ಕಾಯಿಸಿ ಗಟ್ಟಿಗೊಳಿಸಿದನು. ತಣಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದನು. ಪೆಡಲಿನ ಬಳಿಯ ರಬ್ಬರುಗಳನ್ನೂ ಬದಲಿಸಿದನು.

ಮದುವೆ ಸಾಂಗವಾಗಿ ನೆರವೇರಿತು. ಆ ದಿನ ಯಾರೂ ಬಾನೆಟ್ ಎತ್ತಿ ನೋಡಲಿಲ್ಲ. ಮರಳುವಾಗ ಮಳೆ ಹಿಡಿದು, ಗಾಜು ಏರಿಸಲೇಬೇಕಾಯಿತು. ಮನೆ ಸೇರುವವರೆಗೆ ನಾವು ಮತ್ತೆ ಮತ್ತೆ ಮನೆಯವರ ಮುಖವನ್ನೇ ನೋಡುತ್ತಿದ್ದೆವು. ಬಾಗಿಲಲ್ಲಿ ಇಳಿಯುತ್ತ ಅವರು, "ಈ ಸಲ ತಲೆ ನೋಯಲಿಲ್ಲ ನೋಡ್ರಿ" ಎಂದರು.

ಹಳೆಯ ವಾಹನವುಳ್ಳ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಪ್ರಯಾಣದಲ್ಲಿ ಮನೆಮಂದಿ ತಲೆನೋವೆಂದರೆ ಕೂಡಲೇ ಕಾರು ನಿಲ್ಲಿಸಿ, ಎಲ್ಲರನ್ನೂ ಹೊರಗಿನ ಗಾಳಿಗೆ ಇಳಿಸಿರಿ. ಬಳಿಕ ಕಾರನ್ನು ಮೇಸ್ತ್ರಿಗೆ ತೋರಿಸಿರಿ. ನಾವು ಒಂದು ಮಳೆಗಾಲ ತಡಮಾಡಿದೆವು.